ಮೆದುಳಿನ ಕಾಯಿಲೆ: ನಿಮ್ಮ ಮಾತು ನಮಗೆ, ನಮ್ಮ ಮಾತು ನಿಮಗೆ ತಿಳಿಯಬೇಕಾದರೆ

ಕೈಯ ಮೂಳೆ ಮುರಿದಾಗ ಎಕ್ಸ್-ರೇ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರೆ ಅಕ್ಷರ ಬಾರದವರಿಗೂ ಸಂಗತಿ ತಿಳಿಯುತ್ತದೆ. ಮೆದುಳಿನ ಕಾಯಿಲೆ ಹಾಗಲ್ಲ. ತೊಂದರೆ ಇರುವುದು ತಲೆಯೊಳಗೆ. ಅದು ಕಾಣಿಸಿಕೊಳ್ಳುವುದು ಕೈಕಾಲಿನಲ್ಲಿ, ಮಾತಿನಲ್ಲಿ, ನುಂಗುವುದರಲ್ಲಿ, ಕೆಲವರಲ್ಲಿ ಸ್ವಭಾವದಲ್ಲಿ. ಹೀಗಾಗಿ ವೈದ್ಯರು ಒಂದು ಹೇಳಿದರೆ ಮನೆಯವರು ಇನ್ನೊಂದು ತಿಳಿಯುವುದು, ಮನೆಯವರು ಹೇಳಿದ್ದನ್ನು ನಾವು ಮತ್ತೊಂದಾಗಿ ಬರೆದುಕೊಳ್ಳುವುದು ಈ ವಿಭಾಗದಲ್ಲಿ ಹೆಚ್ಚು. ಅದರ ಮೇಲೆ ಭಾಷೆಯ ತೊಡಕು. ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ ಮಾತನಾಡುವವರು ಒಂದೇ ವಾರ್ಡಿನ ಅಕ್ಕಪಕ್ಕದ ಮಂಚಗಳಲ್ಲಿ ಇರುತ್ತಾರೆ. ಕನ್ನಡದಲ್ಲೂ ಹಳ್ಳಿಯ ಅಜ್ಜಿಯ ಮಾತು ಬೇರೆ, ಇಂಗ್ಲಿಷಿನಲ್ಲಿ ಓದಿ ಬಂದ ವೈದ್ಯರ ಮಾತು ಬೇರೆ.

ಈ ಲೇಖನ ಔಷಧಿಗಳ ಬಗ್ಗೆ ಅಲ್ಲ. ರೋಗಿಯ ಸಂಬಂಧಿಕರು, ವೈದ್ಯರು ಮತ್ತು ಶುಶ್ರೂಷಕಿಯರ ನಡುವೆ ನಡೆಯುವ ಮಾತುಕತೆಯ ಬಗ್ಗೆ. ಮಾತು ತಪ್ಪಾಗಿ ತಿಳಿದರೆ ಔಷಧಿಯೂ ತಪ್ಪುತ್ತದೆಯಾದ್ದರಿಂದ ದಯವಿಟ್ಟು ಸಾವಧಾನವಾಗಿ ಓದಿ. ಓದಲು ಬಾರದ ಹಿರಿಯರಿಗೆ ಓದಿ ಹೇಳಿ.

ಪದ ಒಂದೇ, ಅರ್ಥ ಬೇರೆ

‘ನರ’ ಎಂಬ ಪದವನ್ನೇ ತೆಗೆದುಕೊಳ್ಳಿ. ಆಡುಮಾತಿನಲ್ಲಿ ರಕ್ತ ಹರಿಯುವ ನಾಳವೂ ನರ, ಮೆದುಳಿನ ಸಂದೇಶ ಒಯ್ಯುವ ತಂತುವೂ ನರ, ಹಿಮ್ಮಡಿಯ ಹಿಂದಿನ ಗಟ್ಟಿ ಹುರಿಯೂ ನರ. ಸಲೈನ್ ಹಚ್ಚುವಾಗ ‘ನರ ಸಿಗುತ್ತಿಲ್ಲ’ ಎಂದು ನಾವೇ ಹೇಳುತ್ತೇವೆ. ಮುಂದೆ ವೈದ್ಯರು ಬಂದು ‘ಮೆದುಳಿನ ರಕ್ತನಾಳ ಕಟ್ಟಿದೆ’ ಎಂದಾಗ, ಮನೆಯವರು ಅದನ್ನು ‘ಕೈಯ ನರ ಸತ್ತಿದೆ’ ಎಂದು ಗ್ರಹಿಸುತ್ತಾರೆ. ಕೈಯ ನರವೇ ಸತ್ತಿದ್ದರೆ ಕೈಗೆ ಎಣ್ಣೆ ತಿಕ್ಕುವುದೇ ಉಪಾಯವಲ್ಲವೇ? ಪಾರಿವಾಳದ ರಕ್ತ ಸವರುವ ರೂಢಿಯೂ ಇದೇ ತಿಳಿವಳಿಕೆಯ ಮೇಲೆ ನಿಂತಿದೆ. ವಾಸ್ತವವಾಗಿ ಪಾರ್ಶ್ವವಾಯುವಿನಲ್ಲಿ ಕೈಗೆ ಏನೂ ಆಗಿರುವುದಿಲ್ಲ. ಕೈಯನ್ನು ಆಡಿಸುವ ಮೆದುಳಿನ ಭಾಗಕ್ಕೆ ರಕ್ತ ಹೋಗದೆ ನಿಂತಿರುತ್ತದೆ, ಇಲ್ಲವೇ ಅಲ್ಲಿ ರಕ್ತ ಸೋರಿರುತ್ತದೆ. ಎಡ ಮೆದುಳಿಗೆ ಪೆಟ್ಟಾದರೆ ಬಲ ಮೈ ಬೀಳುತ್ತದೆ, ಬಲಕ್ಕೆ ಆದರೆ ಎಡ.

‘ಲಕ್ವ’ ಎಂಬುದೂ ಹೀಗೆಯೇ. ನಮ್ಮ ಕಡೆ ಲಕ್ವ ಹೊಡೆಯಿತು ಎಂದರೆ ಅರೆ ಮೈ ಬಿತ್ತು ಎಂದೇ ಅರ್ಥ. ಯುನಾನಿ ವೈದ್ಯದ ಮಾತಿನಲ್ಲಿ ಲಕ್ವಾ ಎಂದರೆ ಬಾಯಿ, ಮುಖ ಸೊಟ್ಟಗಾಗುವುದು ಮಾತ್ರ. ಅರೆ ಮೈ ಬೀಳುವುದಕ್ಕೆ ಫಾಲಿಜ್ ಎಂಬ ಬೇರೆ ಹೆಸರಿದೆ. ಮುಖ ಮಾತ್ರ ಸೊಟ್ಟಗಾಗುವುದು ಎಷ್ಟೋ ಬಾರಿ ಮುಖದ ನರದ ಊತದಿಂದ ಬರುತ್ತದೆ, ಬಹುಪಾಲು ಜನರಲ್ಲಿ ವಾರಗಳೊಳಗೆ ವಾಸಿಯಾಗುತ್ತದೆ. ಅದೇ ಸೊಟ್ಟ ಮುಖದ ಜೊತೆ ಕೈ ಸೋತಿದ್ದರೆ, ಮಾತು ತೊದಲಿದರೆ ಅದು ಮೆದುಳಿನ ಆಘಾತ. ಆದ್ದರಿಂದ ಕಾಯಿಲೆಯ ಹೆಸರು ಹೇಳುವುದಕ್ಕಿಂತ ಕಂಡದ್ದನ್ನು ಹೇಳುವುದು ಒಳ್ಳೆಯದು. ‘ಲಕ್ವ ಆಗಿದೆ’ ಎನ್ನುವ ಬದಲು ‘ಬಲಗೈ ಎತ್ತಲು ಬರುತ್ತಿಲ್ಲ, ನೀರು ಕುಡಿದರೆ ಕಟವಾಯಿಯಿಂದ ಸೋರುತ್ತಿದೆ’ ಎನ್ನಿ. ‘ಚಕ್ಕರ್ ಬಂತು’ ಎಂದರೆ ಸಾಲದು. ನೆಲ ತಿರುಗಿದಂತಾಯಿತೋ, ಕಣ್ಣು ಕತ್ತಲೆಗಟ್ಟಿತೋ, ಕೈಕಾಲು ಸೆಟೆದು ಅದುರಿದವೋ, ಯಾವುದು ಎಂದು ಬಿಡಿಸಿ ಹೇಳಿ. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ.

ನಾವು ಬಳಸುವ ಇಂಗ್ಲಿಷ್ ಪದಗಳೂ ತೊಂದರೆ ಕೊಡುತ್ತವೆ. ‘ಸ್ಟೇಬಲ್ ಇದ್ದಾರೆ’ ಎಂದು ವೈದ್ಯರು ಹೇಳಿದರೆ ಮನೆಯವರು ಊರಿಗೆ ಫೋನ್ ಮಾಡಿ ‘ಆರಾಮ ಆದರು’ ಎಂದು ಹೇಳಿಬಿಡುತ್ತಾರೆ. ಸ್ಟೇಬಲ್ ಎಂದರೆ ನಿನ್ನೆ ಇದ್ದಂತೆಯೇ ಇಂದೂ ಇದ್ದಾರೆ, ಹೆಚ್ಚೂ ಆಗಿಲ್ಲ ಕಡಿಮೆಯೂ ಆಗಿಲ್ಲ ಎಂದಷ್ಟೇ. ‘ಸೀರಿಯಸ್’ ಎಂಬುದು ಇದರ ತಿರುವು. ಕಾಯಿಲೆ ಗಂಭೀರವಾದದ್ದು ಎಂಬ ಅರ್ಥದಲ್ಲಿ ವೈದ್ಯರು ಹೇಳಿದರೆ, ಮನೆಯವರು ಇನ್ನು ಉಳಿಯುವುದಿಲ್ಲ ಎಂದು ತಿಳಿದು ಬಂಧು ಬಳಗವನ್ನೆಲ್ಲ ಕರೆಸುತ್ತಾರೆ. ಇಂತಹ ಪದ ಕಿವಿಗೆ ಬಿದ್ದಾಗ ‘ಹಾಗಂದರೆ ಏನ್ರಿ?’ ಎಂದು ಅಲ್ಲೇ ಕೇಳಿ. ಹೂಂಗುಟ್ಟಿ ತಲೆಯಾಡಿಸುವುದು ನಮ್ಮಲ್ಲಿ ಮರ್ಯಾದೆಯ ಲಕ್ಷಣ. ಆದರೆ ವೈದ್ಯರು ಅದನ್ನು ‘ತಿಳಿಯಿತು’ ಎಂದು ಎಣಿಸಿ ಮುಂದಿನ ಮಂಚಕ್ಕೆ ಹೋಗಿರುತ್ತಾರೆ.

ಎಲ್ಲಕ್ಕಿಂತ ಹೆಚ್ಚು ದುಃಖ ತರುವ ಗೊಂದಲ ‘ಕೋಮಾ’ ಮತ್ತು ‘ಬ್ರೇನ್ ಡೆಡ್’ ಎಂಬ ಎರಡು ಮಾತುಗಳದ್ದು. ಕೋಮಾದಲ್ಲಿರುವವರ ಮೆದುಳು ಜೀವಂತವಾಗಿದೆ. ಕೆಲವರು ಎಚ್ಚರಗೊಳ್ಳುತ್ತಾರೆ, ಕೆಲವರು ಇಲ್ಲ. ಬ್ರೇನ್ ಡೆಡ್ ಎಂದರೆ ಉಸಿರಾಟ ನಡೆಸುವ ಬುಡಭಾಗವೂ ಸೇರಿದಂತೆ ಮೆದುಳಿನ ಕೆಲಸ ಮರಳಿ ಬಾರದಂತೆ ನಿಂತಿದೆ ಎಂದರ್ಥ. ಯಂತ್ರ ಉಸಿರು ಊದುತ್ತಿರುವುದರಿಂದ ಎದೆ ಏರಿಳಿಯುತ್ತದೆ, ಮೈ ಬೆಚ್ಚಗಿರುತ್ತದೆ. ಇದನ್ನು ಕಂಡ ತಾಯಿಗೆ ಮಗ ಇಲ್ಲವೆಂದು ನಂಬುವುದು ಹೇಗೆ ಸಾಧ್ಯ? ನಂಬಲು ಸಮಯ ಬೇಕು, ಕೇಳಿದಷ್ಟು ಸಲ ಹೇಳಬೇಕು. ಅಂಗಾಂಗ ದಾನಕ್ಕೆ ಸಂಬಂಧಿಸಿದ 1994ರ ಕಾಯ್ದೆಯಂತೆ ನಾಲ್ವರು ವೈದ್ಯರ ತಂಡ, ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿದ ಮೇಲೆಯೇ ಹಾಗೆಂದು ದೃಢಪಡಿಸುತ್ತದೆ. ಒಬ್ಬರೇ ವೈದ್ಯರು ನಿಂತ ನಿಲುವಿನಲ್ಲಿ ಹೇಳುವ ಮಾತಲ್ಲ ಅದು.

ಯಾವಾಗ ಆಯಿತು? ಯಾರು ನೋಡಿದರು?

ಪಾರ್ಶ್ವವಾಯುವಿನ ರೋಗಿ ಬಂದೊಡನೆ ನಾವು ಕೇಳುವ ಮೊದಲ ಪ್ರಶ್ನೆ: ಕೊನೆಯ ಬಾರಿ ಸರಿಯಾಗಿದ್ದದ್ದನ್ನು ನೋಡಿದ್ದು ಯಾವಾಗ? ರಕ್ತ ಹೆಪ್ಪುಗಟ್ಟಿ ಆದ ಆಘಾತವಾದರೆ ಆ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ ಅದನ್ನು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ರಕ್ತ ಸೋರಿದ್ದರೆ ಕೊಡಲೇಬಾರದು, ಆದ್ದರಿಂದಲೇ ಮೊದಲು ಸ್ಕ್ಯಾನ್. ದೊಡ್ಡ ರಕ್ತನಾಳ ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಶಿಸುತ್ತವೆ ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಸಮಯ ತಪ್ಪಾಗಿ ಹೇಳಿದರೆ ಕೊಡಬಹುದಾದ ಔಷಧಿ ತಪ್ಪಿಹೋಗುತ್ತದೆ, ಇಲ್ಲವೇ ಕೊಡಬಾರದ ಹೊತ್ತಿನಲ್ಲಿ ಕೊಟ್ಟು ರಕ್ತಸ್ರಾವಕ್ಕೆ ದಾರಿಯಾಗುತ್ತದೆ.

ಈಗ ನಮ್ಮ ಮನೆಗಳ ರೀತಿ ನೋಡಿ. ಬೆಳಿಗ್ಗೆ ಮಾವನಿಗೆ ಚಹಾ ಕೊಟ್ಟವಳು ಸೊಸೆ. ಲೋಟ ಕೈಜಾರಿ ಬಿದ್ದದ್ದನ್ನು ಕಂಡವಳೂ ಅವಳೇ. ಆಸ್ಪತ್ರೆಯಲ್ಲಿ ಮಾತನಾಡುವವರು ಮಾತ್ರ ಪೇಟೆಯಿಂದ ಮೋಟಾರು ಸೈಕಲ್ಲಿನಲ್ಲಿ ಬಂದ ಹಿರಿಯ ಅಳಿಯ, ಇಲ್ಲವೇ ಊರಿನ ಗೌಡರು. ಸೊಸೆ ಸೆರಗು ಹೊದ್ದು ಬಾಗಿಲ ಹಿಂದೆ ನಿಂತಿರುತ್ತಾಳೆ. ಹಿರಿಯರು ‘ನಿನ್ನೆ ರಾತ್ರಿಯಿಂದ ಹೀಗೇ ಇದ್ದಾರಂತ’ ಎಂದುಬಿಟ್ಟರೆ ಗಡಿಯಾರದ ಲೆಕ್ಕ ಅಲ್ಲಿಗೇ ಮುಗಿಯಿತು. ಹಿರಿಯರ ಎದುರು ಸೊಸೆ ಬಾಯಿ ತೆರೆಯಬಾರದು ಎಂಬ ಪದ್ಧತಿಯನ್ನು ಆ ಹತ್ತು ನಿಮಿಷ ಪಕ್ಕಕ್ಕಿಡಿ. ಹಿರಿಯರೇ ‘ನೀ ಹೇಳವ್ವ’ ಎಂದು ಅವಳನ್ನು ಮುಂದೆ ಕರೆದರೆ ಇನ್ನೂ ಒಳ್ಳೆಯದು. ಎಲ್ಲರ ಮುಂದೆ ಹೇಳಲು ಸಂಕೋಚವಾದರೆ ಶುಶ್ರೂಷಕಿಯನ್ನು ಬದಿಗೆ ಕರೆದು ಹೇಳಿದರೂ ಆದೀತು. ನೋಡಿದವರು ಮನೆಯಲ್ಲೇ ಉಳಿದಿದ್ದರೆ ಫೋನ್ ಹಚ್ಚಿ ನಮ್ಮ ಕೈಗೆ ಕೊಡಿ. ತರುವಾಗಲೂ ಅಷ್ಟೇ, ಊರಿನ ಎಲ್ಲರ ಅಭಿಪ್ರಾಯ ಸೇರಿಸುವ ಮೊದಲು 108ಕ್ಕೆ ಕರೆ ಮಾಡಿ.

ಗಂಟೆ ಗೊತ್ತಿಲ್ಲದಿದ್ದರೆ ನಾಚಿಕೆ ಬೇಡ. ‘ಕೋಳಿ ಕೂಗುವಾಗ ಚಲೋ ಇದ್ರು, ಹಾಲು ಹಿಂಡಿ ಬರೋದರಾಗ ಬಿದ್ದಿದ್ರು’ ಎಂದರೂ ನಮಗೆ ಸಾಕು. ದೀಪ ಹಚ್ಚುವ ಹೊತ್ತು, ನಮಾಜಿನ ಹೊತ್ತು, ಇಂಥ ಧಾರಾವಾಹಿ ಬರುವ ಹೊತ್ತು, ಊರಿಗೆ ಕೊನೆಯ ಬಸ್ಸು ಬರುವ ಹೊತ್ತು, ಇವೆಲ್ಲ ಒಳ್ಳೆಯ ಗಡಿಯಾರಗಳೇ. ಊಹಿಸಿ ‘ಎಂಟು ಗಂಟೆ’ ಎನ್ನುವುದಕ್ಕಿಂತ ಇವು ಲೇಸು.

ಭಾಷೆ ಬಾರದವರು ಮನೆಯ ಶಾಲೆಗೆ ಹೋಗುವ ಮಗುವನ್ನು ಮುಂದೆ ಮಾಡುವುದುಂಟು. ವಿಳಾಸ, ವಯಸ್ಸು ಹೇಳಲು ಸರಿ. ‘ನಿನ್ನ ಅಜ್ಜನಿಗೆ ಮೆದುಳಿನಲ್ಲಿ ಗೆಡ್ಡೆ ಇದೆ’ ಎಂಬುದನ್ನು ಹತ್ತು ವರ್ಷದ ಹುಡುಗಿಯ ಬಾಯಿಂದ ಹೇಳಿಸಬಾರದು. ದೊಡ್ಡವರು ಅನುವಾದಿಸುವಾಗಲೂ ಒಂದು ತೊಂದರೆಯಿದೆ: ಪ್ರೀತಿಯಿಂದ ಅರ್ಧ ನುಂಗುತ್ತಾರೆ. ವೈದ್ಯರು ಐದು ವಾಕ್ಯ ಹೇಳಿದರೆ ರೋಗಿಗೆ ತಲುಪುವುದು ‘ಏನೂ ಆಗಿಲ್ಲಂತ’ ಎಂಬ ಒಂದೇ ಮಾತು. ಮರಾಠಿ, ಉರ್ದು, ತೆಲುಗು, ಲಂಬಾಣಿ ಬಲ್ಲ ಸಿಬ್ಬಂದಿ ಯಾರಾದರೂ ಇದ್ದಾರೆಯೇ ಎಂದು ಮೊದಲು ನಮ್ಮನ್ನು ಕೇಳಿ.

ಗಾಳಿ, ದೃಷ್ಟಿ, ಗ್ರಹಚಾರ

ಅಮೆರಿಕದ ಕ್ಯಾಲಿಫೋರ್ನಿಯಾದ ಮರ್ಸೆಡ್ ಎಂಬ ಊರಿನಲ್ಲಿ 1982ರಲ್ಲಿ ಲಿಯಾ ಲೀ ಎಂಬ ಹೆಣ್ಣುಮಗು ಹುಟ್ಟಿತು. ತಂದೆ ತಾಯಿ ಲಾವೋಸ್ ದೇಶದಿಂದ ನಿರಾಶ್ರಿತರಾಗಿ ಬಂದ ಮೊಂಗ್ ಜನಾಂಗದವರು. ಮೂರು ತಿಂಗಳ ಮಗುವಿಗೆ ಫಿಟ್ಸ್ ಶುರುವಾಯಿತು. ಅಕ್ಕ ಬಾಗಿಲನ್ನು ದಡ್ಡನೆ ಬಡಿದಾಗ ಮಗು ಬೆದರಿ ಅದರ ಆತ್ಮ ಹೊರಟುಹೋಯಿತು, ಅದನ್ನು ದೆವ್ವ ಹಿಡಿಯಿತು ಎಂಬುದು ಮನೆಯವರ ನಂಬಿಕೆ. ಮೊದಲು ಆಸ್ಪತ್ರೆಗೆ ಬಂದಾಗ ಸೆಳೆತ ನಿಂತುಹೋಗಿತ್ತು, ಮಾತು ತಿಳಿಸುವವರು ಯಾರೂ ಇರಲಿಲ್ಲ. ವೈದ್ಯರು ಎದೆಯ ಸೋಂಕೆಂದು ತಿಳಿದು ಔಷಧಿ ಕೊಟ್ಟು ಕಳಿಸಿದರು. ರೋಗ ಗೊತ್ತಾದ ಮೇಲೆ ನಾಲ್ಕು ವರ್ಷಗಳೊಳಗೆ ಔಷಧಿಯ ಕ್ರಮ 23 ಬಾರಿ ಬದಲಾಯಿತು. ಓದು ಬಾರದ ತಂದೆ ತಾಯಿ ಅದನ್ನು ಪಾಲಿಸಲಾಗಲಿಲ್ಲ, ಕೆಲವನ್ನು ಕೊಡಲು ಒಪ್ಪಲೂ ಇಲ್ಲ. ಮಗುವನ್ನು ಸರ್ಕಾರ ಕೆಲವು ಕಾಲ ಬೇರೆ ಮನೆಯಲ್ಲಿ ಇರಿಸಿತು. 1986ರಲ್ಲಿ ತೀವ್ರ ಸೆಳೆತವೂ ರಕ್ತದ ಸೋಂಕೂ ಸೇರಿ ಮಗುವಿನ ಮೆದುಳು ತೀರಾ ಹಾಳಾಯಿತು. ಬದುಕುವುದಿಲ್ಲ ಎಂದು ಮನೆಗೆ ಕಳಿಸಿದ ಮಗುವನ್ನು ಮನೆಯವರು ಇನ್ನೂ 26 ವರ್ಷ ಸಾಕಿದರು. ಲಿಯಾ ತೀರಿಕೊಂಡದ್ದು 2012ರಲ್ಲಿ. ಆನ್ ಫ್ಯಾಡಿಮನ್ ಎಂಬ ಲೇಖಕಿ 1997ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಸಂಗತಿ ಜಗತ್ತಿಗೆ ತಿಳಿಯಿತು. ವೈದ್ಯರೂ ಶ್ರಮಪಟ್ಟಿದ್ದರು, ತಂದೆ ತಾಯಿಯೂ ಮಗುವನ್ನು ಕಣ್ಣಿನಂತೆ ನೋಡಿಕೊಂಡಿದ್ದರು ಎಂಬುದೇ ಅದರಲ್ಲಿ ಮನಸ್ಸು ಕಲಕುವ ಮಾತು.

ಮೊಂಗ್ ಜನ ದೂರದವರು, ಆದರೆ ಮೂರ್ಛೆರೋಗಕ್ಕೆ ‘ಗಾಳಿ ಸೋಕಿದೆ’ ಎನ್ನುವುದನ್ನು ನಾವೂ ಕೇಳುತ್ತಲೇ ಇದ್ದೇವೆ. ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ ಅವರು 1970ರ ದಶಕದಲ್ಲಿ ರೋಗಿಗೆ ಕೇಳಬೇಕಾದ ಕೆಲವು ಪ್ರಶ್ನೆಗಳನ್ನು ರೂಪಿಸಿದರು. ಇದಕ್ಕೆ ನಿಮ್ಮಲ್ಲಿ ಏನೆನ್ನುತ್ತೀರಿ, ಏಕೆ ಬಂತೆಂದು ನಿಮಗನಿಸುತ್ತದೆ, ಈ ಕಾಯಿಲೆಯಲ್ಲಿ ನಿಮಗೆ ಹೆಚ್ಚು ಹೆದರಿಕೆ ಯಾವುದರದ್ದು ಎಂಬ ಬಗೆಯವು. ನರ್ಸಿಂಗ್ ವಿದ್ಯಾರ್ಥಿನಿಯರಿಗೆ ನಾನು ಈ ಪ್ರಶ್ನೆಗಳನ್ನು ಕಲಿಸುತ್ತೇನೆ. ಅವರು ನಿಮ್ಮ ಬಳಿ ಬಂದು ಕೇಳಿದಾಗ ಮುಚ್ಚಿಡಬೇಡಿ. ದರ್ಗಾಕ್ಕೆ ಹೋಗಿದ್ದೀರಾ, ಮಂತ್ರಿಸಿದ ದಾರ ಕಟ್ಟಿಸಿದ್ದೀರಾ, ನಾಟಿ ಔಷಧಿ ಮೂಗಿಗೆ ಹಾಕಿಸಿದ್ದೀರಾ, ಎಲ್ಲವನ್ನೂ ಹೇಳಿ. ನಕ್ಕು ಬೈಯುವುದಕ್ಕಾಗಿ ಕೇಳುವುದಲ್ಲ. ಹೊಟ್ಟೆಗೆ ಏನು ಹೋಗಿದೆ ಎಂದು ತಿಳಿಯದೆ ಕೊಟ್ಟ ಮಾತ್ರೆ ಕೆಲವೊಮ್ಮೆ ಅಪಾಯ ತರುತ್ತದೆ.

ದಾರ ಇರಲಿ, ವಿಭೂತಿ ಇರಲಿ, ಹರಕೆ ಹೊರಿ. ಅದಕ್ಕೆ ನಮ್ಮ ಅಡ್ಡಿಯಿಲ್ಲ. ಅಡ್ಡಿ ಇರುವುದು ಎರಡಕ್ಕೆ. ಒಂದು, ಅದನ್ನು ನಂಬಿ ಮಾತ್ರೆ ನಿಲ್ಲಿಸುವುದಕ್ಕೆ. ಇನ್ನೊಂದು, ಬಾಯಿಗೆ ಹಾಕುವುದಕ್ಕೆ. ಪಾರ್ಶ್ವವಾಯು ಆದವರಲ್ಲಿ ಅನೇಕರಿಗೆ ನುಂಗುವ ಶಕ್ತಿ ಕುಂದಿರುತ್ತದೆ. ಭಕ್ತಿಯಿಂದ ಹಾಕಿದ ಒಂದು ಉದ್ಧರಣೆ ತೀರ್ಥ, ಒಂದು ಚಮಚ ಗಂಜಿ ಹೊಟ್ಟೆಯ ಬದಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ನುಂಗುವ ಪರೀಕ್ಷೆ ಆಗುವವರೆಗೆ ತೀರ್ಥವನ್ನು ಹಣೆಗೆ, ಕಣ್ಣಿಗೆ ಹಚ್ಚಿ. ಫಿಟ್ಸ್ ಬಂದವರ ಕೈಗೆ ಕೀಲಿಕೈ ಕೊಡುವುದು, ಈರುಳ್ಳಿ, ಚಪ್ಪಲಿ ಮೂಸಿಸುವುದು ನಿರುಪಯೋಗ. ಹೆಚ್ಚಿನ ಸೆಳೆತ ಎರಡು ಮೂರು ನಿಮಿಷಕ್ಕೆ ತಾನಾಗಿ ನಿಲ್ಲುತ್ತದೆ, ಹೆಸರು ಕೀಲಿಕೈಗೆ ಬರುತ್ತದೆ! ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಧಾವಿಸಿ.

ಸ್ಕ್ಯಾನಿಗೆ ಕರೆದೊಯ್ಯುವಾಗ ಮೈಮೇಲಿನ ವಸ್ತುಗಳನ್ನು ತೆಗೆಯಬೇಕು ಎಂದರೆ ಅನೇಕರಿಗೆ ಎದೆ ಝಲ್ಲೆನ್ನುತ್ತದೆ. ಎಂಆರ್‌ಐ ಯಂತ್ರ ಒಂದು ದೊಡ್ಡ ಅಯಸ್ಕಾಂತ. ತಾಳಿ, ಕಾಲುಂಗುರ, ತಾಯಿತ, ಬೆಳ್ಳಿಯ ಕರಡಿಗೆ, ಬುರ್ಖಾದ ಪಿನ್ನು, ಯಾವ ಲೋಹವೂ ಒಳಗೆ ಬರಬಾರದು. ಸಿಬ್ಬಂದಿಯ ಕೈಗೆ ಕೊಡಲು ಮನಸ್ಸಾಗದಿದ್ದರೆ ನಿಮ್ಮವರೇ ತೆಗೆದು, ನಿಮ್ಮ ಕೈಯಲ್ಲೇ ಹಿಡಿದು ಬಾಗಿಲ ಹೊರಗೆ ನಿಲ್ಲಿ. ಹೊರಬಂದೊಡನೆ ಮತ್ತೆ ಧರಿಸಿ. ಕೊರಳಲ್ಲಿ ಲಿಂಗವಿಲ್ಲದೆ ಒಂದು ಗಳಿಗೆಯೂ ಇರಲಾರೆ ಎನ್ನುವ ಹಿರಿಯರಿದ್ದರೆ ಮೊದಲೇ ತಿಳಿಸಿ, ಯಂತ್ರದ ಕೊಠಡಿಯವರು ನೋಡಿ ಏನು ಸಾಧ್ಯವೋ ಹೇಳುತ್ತಾರೆ. ಎದೆಯಲ್ಲಿ ಪೇಸ್‌ಮೇಕರ್, ತಲೆಯಲ್ಲಿ ಹಳೆಯ ಕ್ಲಿಪ್ ಇದ್ದರೆ ಅದನ್ನಂತೂ ಮರೆಯದೆ ಹೇಳಿ. ತಲೆಯ ಶಸ್ತ್ರಚಿಕಿತ್ಸೆಗೆ ಹೆಣ್ಣುಮಕ್ಕಳ ಕೂದಲು ತೆಗೆಯುವ ಮಾತು ಬಂದಾಗಲೂ ಎಷ್ಟು ಭಾಗ ತೆಗೆಯುತ್ತೀರಿ ಎಂದು ಕೇಳಿ. ಎಲ್ಲ ಸಂದರ್ಭದಲ್ಲೂ ಇಡೀ ತಲೆ ಬೋಳಿಸಬೇಕಾಗುವುದಿಲ್ಲ.

ಮಾತು ನಿಂತವರ ಜೊತೆ

ಬಲ ಮೈ ಬಿದ್ದವರಲ್ಲಿ ಅನೇಕರಿಗೆ ಮಾತೂ ಹೋಗುತ್ತದೆ, ಏಕೆಂದರೆ ಹೆಚ್ಚಿನ ಜನರಲ್ಲಿ ಭಾಷೆಯ ಕೇಂದ್ರ ಎಡ ಮೆದುಳಿನಲ್ಲಿದೆ. ಇವರಿಗೆ ಬುದ್ಧಿ ಕೆಟ್ಟಿಲ್ಲ, ಕಿವುಡೂ ಅಲ್ಲ. ಒಂದು ವಿಚಿತ್ರವನ್ನು ಗಮನಿಸಿ. ‘ನೀರು’ ಎಂಬ ಒಂದು ಪದ ಬಾರದವರು ದಿನವೂ ಹಾಡುತ್ತಿದ್ದ ವಚನವನ್ನೋ ಭಜನೆಯನ್ನೋ ಸರಾಗವಾಗಿ ಹಾಡಿಬಿಡಬಹುದು, ಒಂದರಿಂದ ಹತ್ತು ಎಣಿಸಿಬಿಡಬಹುದು. ಬಾಯಿಪಾಠವಾದದ್ದನ್ನು ಹೇಳಲು, ಹಾಡಲು ಮೆದುಳು ಬಳಸುವ ದಾರಿ ಸ್ವಲ್ಪ ಬೇರೆ. ಇದನ್ನು ಕಂಡ ಮನೆಯವರು ‘ಬೇಕಂತಲೇ ನಮ್ಮ ಕೂಡ ಮಾತಾಡವಲ್ರು’ ಎಂದು ನೊಂದುಕೊಳ್ಳುತ್ತಾರೆ. ಅವರು ನಟಿಸುತ್ತಿಲ್ಲ. ಮಾತಿನ ಚಿಕಿತ್ಸೆ ನೀಡುವವರಿಗೆ ಈ ವಿಷಯ ತಿಳಿಸಿ, ಅವರು ಆ ಹಾಡನ್ನೇ ಹಿಡಿದು ಮುಂದೆ ಸಾಗಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂತಹ ಚಿಕಿತ್ಸಕರನ್ನು ದಶಕಗಳಿಂದ ತರಬೇತುಗೊಳಿಸುತ್ತಿದೆ.

ಎರಡು ಮೂರು ಭಾಷೆ ಬಲ್ಲವರಲ್ಲಿ ಯಾವ ಭಾಷೆ ಮೊದಲು ಮರಳುತ್ತದೆ ಎಂದು ಹೇಳಲಾಗದು. ಕೆಲವರಿಗೆ ತಾಯ್ನುಡಿ, ಕೆಲವರಿಗೆ ಅಂಗಡಿಯಲ್ಲೋ ಕಚೇರಿಯಲ್ಲೋ ದಿನವಿಡೀ ಆಡುತ್ತಿದ್ದ ನುಡಿ. ಮನೆಯಲ್ಲಿ ಯಾವ ಭಾಷೆ, ಕೆಲಸದಲ್ಲಿ ಯಾವುದು, ಲೆಕ್ಕ ಹಾಕುವುದು ಯಾವುದರಲ್ಲಿ ಎಂದು ಬರೆದುಕೊಡಿ. ಮಂಚದ ಸುತ್ತ ಐದು ಜನ ಮೂರು ಭಾಷೆಯಲ್ಲಿ ಒಟ್ಟಿಗೆ ಮಾತಾಡಿಸಬೇಡಿ. ಒಬ್ಬರು, ಮುಖಕ್ಕೆ ಮುಖ ಕೊಟ್ಟು, ‘ಹೌದು’ ‘ಅಲ್ಲ’ ಎಂದು ಉತ್ತರಿಸಬಹುದಾದ ಪ್ರಶ್ನೆ ಕೇಳಿ ಕಾಯಿರಿ.

‘ಅಪ್ಪಾರಿಗೆ ಹೇಳಬ್ಯಾಡ್ರಿ ಸಿಸ್ಟರ್’

ಗೆಡ್ಡೆ ಎಂದು ಗೊತ್ತಾದಾಗ, ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ ಎಂದು ತಿಳಿದಾಗ ಮಕ್ಕಳು ಮೊದಲು ಆಡುವ ಮಾತಿದು. ಅದರ ಹಿಂದಿನ ಕರುಳು ನಮಗೆ ಅರ್ಥವಾಗುತ್ತದೆ. ಆದರೂ ನನ್ನ ಅಭಿಪ್ರಾಯ ಹೇಳುತ್ತೇನೆ: ಹೆಚ್ಚಿನ ರೋಗಿಗಳಿಗೆ ಅರ್ಧ ಗೊತ್ತಿರುತ್ತದೆ. ಅವರು ಬಂದಾಗ ಎಲ್ಲರೂ ಮಾತು ನಿಲ್ಲಿಸುವುದನ್ನು ನೋಡಿಯೇ ತಿಳಿದಿರುತ್ತಾರೆ. ಹೊಲದ ಪಾಲು, ಸಾಲದ ಲೆಕ್ಕ, ಕೊನೆಯ ಮಗಳ ಮದುವೆ, ಇವುಗಳ ಬಗ್ಗೆ ಹೇಳುವುದಿದ್ದರೆ ಮಾತು ಇರುವಾಗಲೇ ಹೇಳಬೇಕು. ಮೆದುಳಿನ ಕಾಯಿಲೆಯಲ್ಲಿ ಆ ಅವಕಾಶ ಮೊದಲೇ ಮುಗಿಯಬಹುದು. ‘ನಿಮ್ಮ ಕಾಯಿಲೆಯ ಬಗ್ಗೆ ನಿಮಗೆ ಎಷ್ಟು ತಿಳಿಯಬೇಕು, ಯಾರ ಮುಂದೆ ಹೇಳಬೇಕು?’ ಎಂದು ರೋಗಿಯನ್ನೇ ಕೇಳಲು ನಮಗೆ ಅನುವು ಮಾಡಿಕೊಡಿ. ‘ಎಲ್ಲಾ ನನ್ನ ಮಗಗ ಹೇಳ್ರಿ’ ಎಂದು ಅವರೇ ಹೇಳಿದರೆ ಅದೂ ಅವರ ಹಕ್ಕೇ.

ಮುಂದೆ ಯಂತ್ರದ ಉಸಿರು ಬೇಕೋ ಬೇಡವೋ ಎಂಬುದನ್ನು ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಬರೆದಿಡಲು ಸುಪ್ರೀಂ ಕೋರ್ಟ್ 2018ರಲ್ಲಿ ಅವಕಾಶ ನೀಡಿತು. 2023ರಲ್ಲಿ ಕ್ರಮವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಐಸಿಯು ಬಾಗಿಲಲ್ಲಿ ನಿಂತು ಅಣ್ಣ ತಮ್ಮಂದಿರು ಜಗಳವಾಡುವುದು ಇದರಿಂದ ತಪ್ಪುತ್ತದೆ. ಅಂತಹ ಪತ್ರ ಇಲ್ಲದಿದ್ದರೂ ವೈದ್ಯರ ಜೊತೆ ಮಾತನಾಡುವ ಒಬ್ಬರನ್ನು ಮನೆಯವರೇ ಆರಿಸಿ ಹೆಸರು ಬರೆಸಿ.

ಹೆಣ್ಣುಮಕ್ಕಳ ಮೂರ್ಛೆರೋಗ

ಇದನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಮದುವೆಯ ಮಾತುಕತೆಯಲ್ಲಿ ಮೂರ್ಛೆರೋಗವನ್ನು ಮುಚ್ಚಿಡುತ್ತಾರೆ. ಗಂಡನ ಮನೆಗೆ ಹೋದ ಹುಡುಗಿ ಯಾರಿಗೂ ಕಾಣದಂತೆ ಮಾತ್ರೆ ನುಂಗಲಾಗದೆ ನಿಲ್ಲಿಸುತ್ತಾಳೆ, ಕೆಲವೇ ದಿನಗಳಲ್ಲಿ ಒಲೆಯ ಮುಂದೆಯೋ ಬಾವಿಯ ಕಟ್ಟೆಯ ಮೇಲೆಯೋ ಫಿಟ್ಸ್ ಬರುತ್ತದೆ. ಮೂರ್ಛೆರೋಗವಿದ್ದರೆ ಮದುವೆಗೆ ಅಡ್ಡಿ ಎಂಬ ಮಾತು ಹಿಂದೂ ವಿವಾಹ ಕಾಯ್ದೆಯಲ್ಲಿ ಇತ್ತು; 1999ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಬೀಗರಿಗೆ ಹೇಳುವುದು ಕಷ್ಟವಾದರೆ ವರನನ್ನು, ಅವನ ತಾಯಿಯನ್ನು ಕರೆತನ್ನಿ, ವೈದ್ಯರು ಕೂರಿಸಿಕೊಂಡು ತಿಳಿಸುತ್ತಾರೆ. ಅಂಟುರೋಗವಲ್ಲ, ಹುಚ್ಚಲ್ಲ, ಮಾತ್ರೆ ತಪ್ಪದೆ ತೆಗೆದುಕೊಂಡವರಲ್ಲಿ ಬಹಳ ಜನರಿಗೆ ಸೆಳೆತ ನಿಲ್ಲುತ್ತದೆ ಎಂಬುದನ್ನು ಬಿಳಿ ಕೋಟಿನವರ ಬಾಯಿಂದ ಕೇಳಿದರೆ ನಂಬುವವರಿದ್ದಾರೆ. ಸೋಡಿಯಂ ವಾಲ್ಪ್ರೊಯೇಟ್‌ನಂತಹ ಕೆಲವು ಮಾತ್ರೆಗಳು ಗರ್ಭದ ಶಿಶುವಿಗೆ ಹಾನಿ ಮಾಡಬಲ್ಲವು. ಹಾಗೆಂದು ನೀವಾಗಿ ನಿಲ್ಲಿಸಬಾರದು. ಮಾತ್ರೆ ಬದಲಿಸಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಆದ್ದರಿಂದ ನಿಶ್ಚಯವಾದ ಕೂಡಲೇ, ಬಟ್ಟೆ ಬಂಗಾರದ ಖರೀದಿಗೆ ಹೊರಡುವ ಮುನ್ನ, ಹುಡುಗಿಯನ್ನು ಹಳೆಯ ಚೀಟಿಗಳ ಸಮೇತ ಒಮ್ಮೆ ಹೊರರೋಗಿ ವಿಭಾಗಕ್ಕೆ ಕರೆದುಕೊಂಡು ಬನ್ನಿ.